ವರುಣನ ಬಾಗಿಲಲ್ಲಿ ವಾರುಣಿ

ಜಲಕ್ಕೆ ಅಧಿದೇವತೆಯಾದವನು ವರುಣ. ಅವನ ಮಗಳೆಂದು ಪುರಾಣಗಳು ಹೇಳುವ ವಾರುಣಿಯ ಹೆಸರೇ ಸಂಸ್ಕೃತದಲ್ಲಿ ಮದ್ಯಕ್ಕೂ ಹೆಸರು. ಆ ವಾರುಣಿಯನ್ನು ಸೇವಿಸಿ ಮತ್ತನಾಗಿದ್ದ ಬಲರಾಮನು, ಜಲಕ್ರೀಡೆಯಾಡುವ ಇಚ್ಛೆಯಿಂದ, ತಾನಿದ್ದಲ್ಲಿಗೇ ಬರುವಂತೆ ಯಮುನೆಗೆ ಆಜ್ಞಾಪಿಸಿದನೆಂದೂ, ಕುಡಿದವನ ಮಾತೆಂದು ಅವಳು ಅದನ್ನು ಲಕ್ಷಿಸದಿರಲು ಕ್ರುದ್ಧನಾಗಿ ನೇಗಿಲಿನ ತುದಿಯಿಂದ ಅವಳನ್ನು ಸೆಳೆದನೆಂದೂ ಭಾಗವತದ ಕಥೆ. ಕುಡಿದವನ ಅಪ್ಪಣೆಗೆ ನದಿಯೊಂದು ತಲೆಬಾಗಿದ್ದು, ನನಗೆ ತಿಳಿದಮಟ್ಟಿಗೆ, ಅದೊಂದೇ ಸಲ. ಅದಕ್ಕೂ ಆದಿಶೇಷನ ಅವತಾರವೇ ಬೇಕಾಯಿತು.

ಈ ಕಥೆ ನನಗೆ ನೆನಪಾಗುವುದು ಸಾಮಾನ್ಯವಾಗಿ ಸೋಮವಾರದ ಬೆಳಿಗ್ಗೆ, ವೃತ್ತಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯೊಂದನ್ನು ಓದುವಾಗ. ಸ್ಥಳದ ಹೆಸರು ಮಾತ್ರ ಬದಲಾಗುತ್ತದೆ: ಕೃಷ್ಣರಾಜಸಾಗರದ ಕೆಳಗಿನ ಬಲಮುರಿಯೋ ಎಡಮುರಿಯೋ, ತಲಕಾಡೋ, ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯೋ, ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮವೋ, ಅದಕ್ಕೂ ಕೆಳಗಿನ ಮೇಕೆದಾಟೋ. ಉಳಿದದ್ದೆಲ್ಲ ಅದೇ: ನಗರದಿಂದ ಬಂದ ಐದಾರು ಮಂದಿ ಸ್ನೇಹಿತರು, ಇಪ್ಪತ್ತರ ಆಸುಪಾಸಿನ ವಯಸ್ಸು, ದಡದಲ್ಲಿ ಊಟ, ‘ಪಾರ್ಟಿ’, ಆಮೇಲೆ ನೀರು. ‘ಕಾಲು ಜಾರಿ’ ಎಂಬ ಮಾತು ಆ ಸುದ್ದಿಯಲ್ಲಿ ತಪ್ಪದೆ ಇರುತ್ತದೆ. ಕಾಲು ಜಾರುವುದಕ್ಕೆ ಒಂದು ತಾಸು ಮೊದಲೇ ವಿವೇಕ ಜಾರಿತ್ತೆಂಬುದನ್ನು ಬರೆಯಲು ಅಲ್ಲಿ ಎಡೆಯಿರುವುದಿಲ್ಲ.

ಈ ಸ್ಥಳಗಳಲ್ಲಿ ಕಾವೇರಿಯ ಸ್ವಭಾವವೇನೆಂಬುದನ್ನು ತುಸು ವಿಸ್ತರಿಸಿ ಹೇಳಬೇಕು. ಮೇಕೆಯೊಂದು ನೆಗೆದು ದಾಟಬಹುದೆನ್ನಿಸುವಷ್ಟು ಇಕ್ಕಟ್ಟಾದ ಕಲ್ಲುಕಮರಿಯೊಳಕ್ಕೆ, ಅಲ್ಲಿಯತನಕ ವಿಶಾಲವಾಗಿ ಹರಿದುಬಂದ ನದಿಯಿಡೀ ನುಗ್ಗಬೇಕಾಗಿರುವುದರಿಂದ, ಅಗಲದಲ್ಲಿ ಕಳೆದುಕೊಂಡದ್ದನ್ನು ನೀರು ಆಳದಲ್ಲಿಯೂ ವೇಗದಲ್ಲಿಯೂ ತುಂಬಿಕೊಳ್ಳುತ್ತದೆ. ಪ್ರವಾಹದೊಡನೆ ಉರುಳಿಬಂದ ಗುಂಡುಕಲ್ಲುಗಳು ಸುಳಿಗೆ ಸಿಕ್ಕಿ ಸಹಸ್ರಾರು ವರ್ಷ ಗಿರಗಿರನೆ ತಿರುಗಿ ಅಲ್ಲಿನ ಹಾಸುಬಂಡೆಯನ್ನು ಒರಳಿನಂತೆ ಕೊರೆದಿವೆ. ಆದಕಾರಣ ಮೊಣಕಾಲುದ್ದದ ನೀರಿನಲ್ಲಿ ನಿಶ್ಚಿಂತೆಯಿಂದ ನಡೆಯುತ್ತಿದ್ದವನಿಗೆ ಮುಂದಿನ ಹೆಜ್ಜೆಯಲ್ಲಿಯೇ ಆಳುದ್ದದ ಮಡು. ಬಲಮುರಿಯ ಕಟ್ಟೆಯ ಮೇಲಿಂದ ಬಿಳಿಯ ತೆರೆಯಾಗಿ ಜಾರುವ ನೀರು ನೋಡಲು ಮನೋಹರವಾದದ್ದೇ ಸರಿ. ಆದರೆ ಯಾವ ಅಡ್ಡಕಟ್ಟೆಯಾದರೂ, ಹೊಳೆ ತುಂಬಿ ಹರಿಯುವಾಗ ಅದರ ಬುಡದಲ್ಲಿ ಬಿದ್ದ ನೀರು ತಳವನ್ನು ತಾಗಿ ಮೇಲೆದ್ದು ಮತ್ತೆ ಕಟ್ಟೆಯ ಕಡೆಗೇ ಹೊರಳುತ್ತಿರುತ್ತದೆ, ಸಿಕ್ಕಿದವನನ್ನೂ ತನ್ನೊಡನೆ ಹೊರಳಿಸುತ್ತದೆ. ನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ದೇಹವನ್ನು ತೇಲಿಸುವ ಶಕ್ತಿಯೂ ಆ ನೀರಿಗೆ ಕಡಿಮೆ. ಇದಕ್ಕೂ ಮಿಗಿಲಾಗಿ, ಮೇಲಿನ ಅಣೆಕಟ್ಟಿನಿಂದಲೋ ವಿದ್ಯುದಾಗಾರದಿಂದಲೋ ನೀರು ಬಿಟ್ಟಾಗ, ಆಕಾಶದಲ್ಲಿ ಒಂದು ಮೋಡವೂ ಇಲ್ಲದ ದಿನವೇ ಹೊಳೆಯ ನಡುವಿನ ಬಂಡೆ ದ್ವೀಪವಾಗಿಬಿಡುವುದುಂಟು. ಊರಿನವರು ನೀರಿನ ಬಣ್ಣ ಕದಡಿದ್ದನ್ನೋ ಕಸಕಡ್ಡಿ ತೇಲಿಬಂದದ್ದನ್ನೋ ಕಂಡು ದಡ ಸೇರುತ್ತಾರೆ. ಪರಸ್ಥಳದವನಿಗೆ ಆ ಓದು ಬಾರದು.

ಇಂಥ ನದಿಯ ಮುಂದೆ ನಿಲ್ಲತಕ್ಕವನಿಗೆ ಬೇಕಾದುವು ಸ್ಥಿರವಾದ ಕಾಲು, ಎಚ್ಚರದ ಕಣ್ಣು, ಮತ್ತು ಒಂದಿಷ್ಟು ಅಳುಕು. ಮದ್ಯವು ಈ ಮೂರನ್ನೂ ಅಪಹರಿಸುವುದಾದರೂ ಮೊದಲು ಕೈಹಾಕುವುದು ಅಳುಕಿಗೆ. ಕಾಲು ತಡವರಿಸುವುದಕ್ಕೆ ಬಹಳ ಮುಂಚೆಯೇ ‘ನನಗೇನಾಗುತ್ತದೆ’ ಎಂಬ ಧೈರ್ಯ ಬಂದಿರುತ್ತದೆ. ಚರ್ಮದ ರಕ್ತನಾಳಗಳು ಹಿಗ್ಗಿ ಮೈ ಬೆಚ್ಚಗಾದಂತೆ ತೋರುವುದು, ವಾಸ್ತವವಾಗಿ ಒಳಗಿನ ಶಾಖ ಹೊರಗೆ ಸೋರುತ್ತಿರುವುದರ ಲಕ್ಷಣ. ಒಳಕಿವಿಯಲ್ಲಿರುವ ಸಮತೋಲದ ಅಂಗ ಕಲಕಿಹೋಗುವುದರಿಂದ, ಮುಳುಗಿದವನಿಗೆ ಮೇಲಾವುದು ಕೆಳಗಾವುದೆಂಬುದೇ ತಿಳಿಯದಾಗಬಹುದು. ಶ್ವಾಸನಾಳಕ್ಕೆ ನೀರು ನುಗ್ಗದಂತೆ ತಡೆಯುವ ಸಹಜ ಪ್ರತಿಕ್ರಿಯೆಯೂ ಮಂದವಾಗಿರುತ್ತದೆ.

ಹಾಗಾದರೆ ಹೊಣೆ ಯಾರದು? ಅವರವರ ಪ್ರಾಣಕ್ಕೆ ಅವರವರೇ ಹೊಣೆಯೆಂಬುದು ಸುಲಭವಾದ ಉತ್ತರ, ಮತ್ತು ತಾತ್ತ್ವಿಕವಾಗಿ ಸರಿಯಾದ ಉತ್ತರವೂ ಹೌದು. ಆದರೆ ಹೊಣೆಯನ್ನು ಹೊರತಕ್ಕ ವಿವೇಕವನ್ನೇ ಮೂರು ಲೋಟಗಳಲ್ಲಿ ಕರಗಿಸಿ ಕುಡಿದವನ ಮುಂದೆ ಆ ಮಾತನ್ನು ಆಡಿ ಫಲವೇನು? ‘ಇಲ್ಲಿ ಈಜುವುದು ಅಪಾಯಕರ’ ಎಂದು ದಡದಲ್ಲಿ ನೆಟ್ಟ ಫಲಕವು ಮಾತನಾಡುವುದು ಅಮಲಿಲ್ಲದವನೊಡನೆ. ಅವನಾದರೋ ಫಲಕವಿಲ್ಲದಿದ್ದರೂ ಹಿಂಜರಿಯುತ್ತಿದ್ದನು. ರಸ್ತೆಯ ವಿಷಯದಲ್ಲಿ ನಾವು ಇದನ್ನು ಅರಿತಿದ್ದೇವೆ: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ವಾಹನ ನಡೆಸುವಂತಿಲ್ಲವೆಂದು ಮೋಟಾರು ವಾಹನ ಕಾಯಿದೆ ವಿಧಿಸುತ್ತದೆ, ಪೊಲೀಸರು ರಾತ್ರಿಯಿಡೀ ನಿಂತು ಉಸಿರನ್ನು ಅಳೆಯುತ್ತಾರೆ. ಹೊಳೆಗಿಳಿಯುವವನ ಉಸಿರನ್ನು ಯಾರೂ ಅಳೆಯರು. ಆದಕಾರಣ ಈ ಹೊಣೆಯನ್ನು ಹೊಳೆಯ ದಡಕ್ಕೆ ಒಯ್ಯದೆ ಮನೆಯಲ್ಲಿಯೇ, ಚೀಲ ಕಟ್ಟುವ ಹೊತ್ತಿಗೇ, ಹೊತ್ತು ಮುಗಿಸಬೇಕು.

ಕಾನೂನಿನಿಂದ ಎಲ್ಲವೂ ಆಗದೆಂಬುದಕ್ಕೆ ಮಹಾಭಾರತದ ಮೌಸಲಪರ್ವಕ್ಕಿಂತ ಬೇರೆ ಸಾಕ್ಷಿ ಬೇಡ. ಮದ್ಯ ತಯಾರಿಸಿದವನಿಗೆ ಶೂಲವೆಂದು ದ್ವಾರಕೆಯಲ್ಲಿ ಡಂಗುರ ಹೊಡೆಸಿದ್ದಾಯಿತು. ಅದೇ ಯಾದವರು ಪ್ರಭಾಸದ ಕಡಲತೀರಕ್ಕೆ ಹೊರಟಾಗ ಪಾನಕ್ಕೆ ಬೇಕಾದದ್ದನ್ನು ಮರೆಯದೆ ಕೊಂಡೊಯ್ದರು. ನಮ್ಮಲ್ಲಿ 2023ರ ಜನವರಿಯಲ್ಲಿ, ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ನಿಯಮವನ್ನು ಸರಕಾರ ಪ್ರಕಟಿಸಿ, ವಿರೋಧ ಬಂದಮೇಲೆ ಕೈಬಿಟ್ಟಿತು. ಕೈಬಿಟ್ಟದ್ದು ಒಳ್ಳೆಯದಾಯಿತೆಂದೇ ನನ್ನ ಅಭಿಪ್ರಾಯ; ಆದರೆ ಮುತ್ತತ್ತಿಯ ಮಡು ಯಾರ ವಯಸ್ಸನ್ನೂ ಕೇಳುವುದಿಲ್ಲ.

ಜೊತೆಗಿದ್ದವರ ಮಾತೂ ಇದೆ. ‘ಅವನು ಕೂಗಲೇ ಇಲ್ಲ’ ಎಂದು ಅವರು ಅಳುವುದು ಸುಳ್ಳಲ್ಲ. ನ್ಯೂಯಾರ್ಕಿನ ಕಡಲತೀರವೊಂದರಲ್ಲಿ ಜೀವರಕ್ಷಕನಾಗಿದ್ದ ಫ್ರಾಂಕ್ ಪಿಯಾ ಎಂಬಾತನು ಮುಳುಗುತ್ತಿರುವವರ ಚಲನಚಿತ್ರಗಳನ್ನು ತೆಗೆದು ಪರಿಶೀಲಿಸಿ ಕಂಡುಕೊಂಡದ್ದೂ ಅದನ್ನೇ: ಮುಳುಗುವವನು ಕೈಬೀಸುವುದಿಲ್ಲ, ಕೂಗುವುದಿಲ್ಲ, ಬಾಯಿ ನೀರಿನ ಮೇಲೆ ಬಂದ ಅರೆಕ್ಷಣ ಉಸಿರಿಗೇ ಸಾಲದು, ಕೂಗಿಗೆಲ್ಲಿ? ಇಪ್ಪತ್ತರಿಂದ ಅರವತ್ತು ಸೆಕೆಂಡುಗಳೊಳಗೆ ಅವನು ಕಣ್ಮರೆಯಾಗುತ್ತಾನೆ. ಆ ನಿಮಿಷದಲ್ಲಿ ದಡದ ಮೇಲಿನ ನಾಲ್ವರೂ ಕುಡಿದಿದ್ದರೆ, ನೋಡುವವರೇ ಇಲ್ಲವೆಂದು ಅರ್ಥ. ನೋಡಿದವನು ಧುಮುಕಿದರೆ ಮರುದಿನದ ಸುದ್ದಿಯಲ್ಲಿ ಎರಡು ಹೆಸರು.

ನಾನು ಈಜು ಕಲಿತದ್ದು ತೋಟದ ಬಾವಿಯಲ್ಲಿ, ಬೆನ್ನಿಗೆ ಒಣಸೋರೆ ಬುರುಡೆಯನ್ನು ಕಟ್ಟಿಕೊಂಡು. ಹುಡುಗರು ಎಷ್ಟೇ ಮಂದಿ ಇದ್ದರೂ ಹಿರಿಯನೊಬ್ಬ ಹಗ್ಗ ಹಿಡಿದು ಮೆಟ್ಟಿಲ ಮೇಲೆ ಕೂತಿರತಕ್ಕದ್ದು, ಅವನು ನೀರಿಗಿಳಿಯತಕ್ಕದ್ದಲ್ಲ ಎಂಬುದು ಅಲ್ಲಿನ ಕಟ್ಟಳೆ. ಆ ಹಗ್ಗದ ಬೆಲೆ ನನಗೆ ತಿಳಿದದ್ದು ಬಹಳ ತಡವಾಗಿ. 2020ರ ಆಗಸ್ಟಿನಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಅಣೆಕಟ್ಟಿನಲ್ಲಿ ನಾಲ್ವರು ಯುವಕರು ಮುಳುಗುತ್ತಿದ್ದಾಗ, ಅಲ್ಲಿದ್ದ ಮೂವರು ಹೆಂಗಸರು ಉಟ್ಟ ಸೀರೆಗಳನ್ನೇ ಬಿಚ್ಚಿ ಎಸೆದು ಇಬ್ಬರನ್ನು ಎಳೆದುಕೊಂಡರು. ಇನ್ನಿಬ್ಬರು ಉಳಿಯಲಿಲ್ಲ.

ನಮ್ಮ ದೇಶದಲ್ಲಿ ನೀರಿಗೆ ಬಲಿಯಾಗುವವರು ವರ್ಷಕ್ಕೆ 30,000ಕ್ಕೂ ಮಿಗಿಲೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿಗಳು ತೋರಿಸುತ್ತವೆ. ಅವರೆಲ್ಲರೂ ಕುಡಿದವರಲ್ಲ, ಕೆರೆಯಂಚಿನಲ್ಲಿ ಆಡುತ್ತಿದ್ದ ಕೂಸುಗಳು, ಬಟ್ಟೆ ಒಗೆಯಲು ಹೋದ ತಾಯಂದಿರು ಆ ಲೆಕ್ಕದಲ್ಲಿದ್ದಾರೆ. ಮುಳುಗಿ ಸತ್ತ ಮಗುವನ್ನು ಉಪ್ಪಿನ ರಾಶಿಯಲ್ಲಿ ಹೂತರೆ ಜೀವ ಮರಳುವುದೆಂದು ನಂಬಿ ಬಳ್ಳಾರಿ, ಹಾವೇರಿ ಜಿಲ್ಲೆಗಳಲ್ಲಿ ಹೆತ್ತವರು ತಾಸುಗಟ್ಟಲೆ ಕಾದು ಕೂತದ್ದನ್ನೂ ಈಚಿನ ವರ್ಷಗಳಲ್ಲಿ ಓದಿದ್ದೇವೆ. ಮೆದುಳು ಪ್ರಾಣವಾಯುವಿಲ್ಲದೆ ತಾಳುವುದು ನಾಲ್ಕಾರು ನಿಮಿಷ. ಉಪ್ಪು ಹುಡುಕುವ, ಹೊಟ್ಟೆ ಅಮುಕುವ ಆ ಹೊತ್ತಿನಲ್ಲಿ ಬಾಯಿಗೆ ಬಾಯಿಟ್ಟು ಉಸಿರೂದುವುದೂ ಎದೆಯ ನಡುವೆ ಒತ್ತುವುದೂ ಬಲ್ಲವನೊಬ್ಬನಿದ್ದರೆ ಆಗಬಹುದಾದ ಉಪಕಾರ ದೊಡ್ಡದು.

ಮುಂದಿನ ಭಾನುವಾರ ನಿಮ್ಮ ಮನೆಯ ಹುಡುಗನು ಸ್ನೇಹಿತರೊಡನೆ ಕಾವೇರಿಯ ಕಡೆಗೆ ಹೊರಟರೆ ತಡೆಯಬೇಡಿ. ಹೊಳೆಯನ್ನು ನೋಡದ ಯೌವನವೂ ಒಂದು ಯೌವನವೇ? ಕಾರಿನಲ್ಲಿ ಹತ್ತು ಮಾರು ಹಗ್ಗವಿದೆಯೆ, ಈ ಸಲ ಕುಡಿಯದೆ ದಡದಲ್ಲಿ ಕೂರುವ ಸರದಿ ಯಾರದು, ಇವೆರಡನ್ನು ಮಾತ್ರ ಕೇಳಿ ಕಳುಹಿಸಿ.