ಕೆರೆ ನೀರು ಇಳೀತಿದೆ, ಕೊರವ ಮೇಲೆ ಬರ್ತಿದೆ: ಗಾಳಕ್ಕೆ ಯಾವ ಲೂರ್ ತಗೋಬೇಕು?

ಶಿವರಾತ್ರಿ ಆಸುಪಾಸಿಗೆ ಕೆರೆಗಳಲ್ಲಿ ನೀರು ಇಳಿಯೋಕೆ ಶುರುವಾಗುತ್ತೆ. ಬಿಸಿಲು ಏರಿದಂತೆ ದಡದ ಕಡೆ ನೀರು ಬೇಗ ಕಾಯುತ್ತೆ, ಕೊರವ ಮೀನು (ಕೆಲವು ಕಡೆ ಮುರ್ರೆಲ್ ಅಂತಾರೆ) ಜೊಂಡಿನ ಅಂಚಿಗೆ ಬರುತ್ತೆ. ರಾಡ್, ರೀಲ್ ಹಿಡಿದು ಕೆರೆ ಕಡೆ ಹೊರಡೋ ಹುಡುಗರಿಗೆ ಇದೇ ಸೀಸನ್. ಆದರೆ ಅಂಗಡಿಯಲ್ಲಿ ಬಣ್ಣ ನೋಡಿ ಲೂರ್ ತಗೊಂಡ್ರೆ ದುಡ್ಡು ಜೊಂಡಿನ ಪಾಲಾಗೋದು ಗ್ಯಾರಂಟಿ.

ಮೊದಲು ಮೀನಿನ ಸ್ವಭಾವ ತಿಳ್ಕೊಳ್ಳಿ. ಕೊರವ ಗಾಳಿ ಉಸಿರಾಡುವ ಮೀನು. ಆಗಾಗ ಮೇಲೆ ಬಂದು ಗುಳುಕ್ ಅಂತ ಗಾಳಿ ನುಂಗಿ ಕೆಳಗೆ ಹೋಗುತ್ತೆ. ಗುಳ್ಳೆ ಎದ್ದ ಜಾಗ ಗುರುತಿಟ್ಕೊಂಡ್ರೆ ಅರ್ಧ ಕೆಲಸ ಮುಗೀತು.

ಎಲೆ, ಜೊಂಡು ಇದ್ದ ಕಡೆ ರಬ್ಬರ್ ಕಪ್ಪೆ

ಇದು ಹೊರದೇಶದಲ್ಲಿ ಬಾಸ್ ಮೀನು ಹಿಡಿಯೋಕೆ ಬಳಸುವ ಲೂರ್. ತಾವರೆ ಎಲೆ ಇರೋ ನಮ್ಮ ಕೆರೆಗಳಿಗೂ ಸರಿಯಾಗಿ ಹೊಂದುತ್ತೆ. ಇದರ ಜೋಡಿ ಕೊಕ್ಕೆ ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿರುತ್ತೆ, ಹಾಗಾಗಿ ಎಲೆಗೆ ಸಿಕ್ಕಿಕೊಳ್ಳೋದು ಕಡಿಮೆ. ಮೀನು ಕಚ್ಚಿದಾಗ ರಬ್ಬರ್ ಒತ್ತಿ ಕೊಕ್ಕೆ ಹೊರಗೆ ಬರುತ್ತೆ.

ಅಂಗಡಿಯಲ್ಲೇ ಬೆರಳಲ್ಲಿ ಒತ್ತಿ ನೋಡಿ. ಸುಲಭವಾಗಿ ಒತ್ತಿ ಕೊಕ್ಕೆ ಕಾಣಿಸಿದ್ರೆ ಮಾತ್ರ ತಗೊಳ್ಳಿ. ಗಟ್ಟಿ ಇದ್ರೆ ಮೀನು ಕಚ್ಚುತ್ತೆ, ಸಿಗಲ್ಲ. ಅಂಗಡಿಯವರೂ ಗಿರಾಕಿಗೆ ಹೀಗೆ ಒತ್ತಿ ತೋರಿಸಿದ್ರೆ ಆಮೇಲೆ ಜಗಳ ಇರಲ್ಲ.

ತೆರೆದ ನೀರಿಗೆ ಸ್ಪೂನ್, ಸ್ಪಿನ್ನರ್

ಲೋಹದ ಹೊಳಪಿಗೆ ಸಣ್ಣ ಮೀನು ಓಡಿದ ಹಾಗೆ ಕಾಣುತ್ತೆ. ಮೂರು ಕೊಕ್ಕೆಯ ಲೂರ್ ಜೊಂಡಿಗೆ ಎಸೆದ್ರೆ ವಾಪಸ್ ಬರೋದು ಕಷ್ಟ. ನೀರು ತಿಳಿಯಾಗಿದ್ರೆ ಹಸಿರು, ಕಂದು. ರಾಡಿಯಾಗಿದ್ರೆ ಕಪ್ಪು ಅಥವಾ ಗಾಢ ಬಣ್ಣ ಸಾಕು.

ಬೆಳಗ್ಗೆ ನೀರು ತಣ್ಣಗಿರುವಾಗ ಮೀನು ಮಂಕಾಗಿರುತ್ತೆ, ನಿಧಾನವಾಗಿ ಎಳೀರಿ. ಈ ತಿಂಗಳಲ್ಲಿ ಸ್ವಲ್ಪ ಬಿಸಿಲು ಬಿದ್ದ ಮೇಲೆ ಹೋದ್ರೂ ನಡೆಯುತ್ತೆ. ಏಪ್ರಿಲ್, ಮೇನಲ್ಲಿ ಮುಂಜಾನೆ, ಸಂಜೆಯೇ ಒಳ್ಳೇದು. ಕಪ್ಪೆಗೆ ಬಡಿದ ತಕ್ಷಣ ಎಳೀಬೇಡಿ, ಒಂದೆರಡು ಸೆಕೆಂಡ್ ಬಿಟ್ಟು ಜೋರಾಗಿ ಎಳೀರಿ. ಜೊಂಡಿನಿಂದ ಮೀನು ಎತ್ತೋಕೆ ಹೆಣೆದ ಗಟ್ಟಿ ದಾರ ಬೇಕು, ತೆಳು ತಂಗೂಸಿ ತಡೆಯಲ್ಲ.

ಜೀವಂತ ಕಪ್ಪೆ ಬೇಡ

ಮಳೆಗಾಲದಲ್ಲಿ ಹಳದಿ ಬಣ್ಣಕ್ಕೆ ತಿರುಗುವ ದೊಡ್ಡ ಕಪ್ಪೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ರಬ್ಬರ್ ಕಪ್ಪೆ ಇರುವಾಗ ಕೇಸ್ ಯಾಕೆ ಮೈಮೇಲೆ ಎಳ್ಕೋಬೇಕು?

ಕೆಂಪು ಮರಿ ಕಂಡ್ರೆ ಗಾಳ ಎತ್ತಿ

ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕುದಿಯೋ ಹಾಗೆ ಕಂಡ್ರೆ, ಕೆಳಗೆ ತಂದೆ-ತಾಯಿ ಕಾವಲು ಇರುತ್ತೆ ಅಂತ ಅರ್ಥ. ಅಲ್ಲಿ ಯಾವ ಲೂರ್ ಬಿದ್ರೂ ಕಚ್ಚುತ್ತೆ. ಹಸಿವಿಗಲ್ಲ, ಮರಿ ಕಾಯೋಕೆ. ಆ ಮೀನು ಎತ್ತಿದ್ರೆ ಮರಿಗಳನ್ನ ಬೇರೆ ಮೀನು ತಿಂದು ಮುಗಿಸುತ್ತೆ. ಇವತ್ತು ಒಂದು ಮೀನು ಸಿಗುತ್ತೆ, ಮುಂದಿನ ವರ್ಷಕ್ಕೆ ಕೆರೆಯಲ್ಲಿ ಕೊರವ ಕಮ್ಮಿಯಾಗುತ್ತೆ.

ಕೊನೇದಾಗಿ, ಕೆರೆ ಮೀನು ಹರಾಜಾಗಿದ್ರೆ ಗುತ್ತಿಗೆದಾರರನ್ನ ಕೇಳಿಯೇ ಗಾಳ ಹಾಕಿ. ತುಂಡಾದ ದಾರ ದಡದಲ್ಲಿ ಬಿಡಬೇಡಿ. ಹಕ್ಕಿ ಕಾಲಿಗೆ, ದನದ ಗೊರಸಿಗೆ ಸುತ್ತಿಕೊಳ್ಳುತ್ತೆ.