ಪೂರ್ವಿಕರ ಸೂತ್ರವೂ ಮಕ್ಕಳ ಪರೀಕ್ಷೆಯೂ

ಮಕ್ಕಳಿಗೆ ವಿಜ್ಞಾನದಲ್ಲಿ ಅಭಿರುಚಿ ಹುಟ್ಟಲೆಂದು ಅನೇಕ ಗೃಹಸ್ಥರು ನಮ್ಮ ಪೂರ್ವಿಕರ ಕೀರ್ತಿಯನ್ನು ಅವರಿಗೆ ವರ್ಣಿಸಿ ಹೇಳುವುದುಂಟು. ಆರ್ಯಭಟನು ಭೂಭ್ರಮಣವನ್ನು ಪ್ರತಿಪಾದಿಸಿದನೆಂದೂ ಭಾಸ್ಕರಾಚಾರ್ಯನು ಗಣಿತಸಾರ್ವಭೌಮನೆಂದೂ ಬಾಲಕರು ಕಂಠಪಾಠಮಾಡಿ ಒಪ್ಪಿಸುತ್ತಾರೆ. ಕೇಳಿದವರಿಗೆ ಸಂತೋಷವಾಗುವುದು ದಿಟ. ಆದರೆ ಅದರಿಂದ ಬಾಲಕನಿಗೆ ಗಣಿತವು ಒಂದು ಕೂದಲೆಳೆಯಷ್ಟೂ ಬಂದಂತಾಗದು. ಹಳೆಯ ಗ್ರಂಥಗಳು ಅವನಿಗೆ ಉಪಕರಿಸಬೇಕಾದರೆ, ಅವುಗಳಲ್ಲಿ ಹೇಳಿರುವುದನ್ನು ಅವನೇ ಅಳೆದು ನೋಡಬೇಕು.

ಕ್ರಿ. ಶ. 1150ರಲ್ಲಿ ರಚಿತವಾದ ‘ಲೀಲಾವತಿ’ಯಲ್ಲಿ ಬಿದಿರಿನ ಲೆಕ್ಕವೊಂದಿದೆ. 32 ಮೊಳದ ಬಿದಿರು ಗಾಳಿಗೆ ಮುರಿದು, ಅದರ ತುದಿಯು ಬುಡದಿಂದ 16 ಮೊಳ ದೂರದಲ್ಲಿ ನೆಲವನ್ನು ಮುಟ್ಟಿತು. ಮುರಿದುದು ಎಷ್ಟು ಎತ್ತರದಲ್ಲಿ? ಸೂತ್ರವನ್ನು ಹೇಳುವುದಕ್ಕೆ ಮೊದಲು 32 ಸೆಂಟಿಮೀಟರಿನ ತೆಂಗಿನ ಕಡ್ಡಿಯೊಂದನ್ನು ಹುಡುಗನ ಕೈಗೆ ಕೊಡಿರಿ. ಅವನು ಅಲ್ಲಲ್ಲಿ ಬಗ್ಗಿಸಿ ನೋಡಿ, 12ರಲ್ಲಿ ಮುರಿದರೆ ಸರಿಹೋಗುವುದೆಂದು ಕಂಡುಕೊಂಡು, ‘ಹನ್ನೆರಡೇ ಏಕೆ?’ ಎಂದು ತಾನಾಗಿಯೇ ಕೇಳುವನು. ಭುಜ ಕೋಟಿ ಕರ್ಣಗಳ ಪಾಠಕ್ಕೆ ಅದೇ ಸುಮುಹೂರ್ತ.

ಇದಕ್ಕಿಂತಲೂ ಸ್ವಾರಸ್ಯವಾದುದು ಗೋಲದ ಘನಫಲದ ವಿಷಯ. ಆರ್ಯಭಟನು ಕ್ರಿ. ಶ. 499ರ ಸುಮಾರಿನ ತನ್ನ ‘ಆರ್ಯಭಟೀಯ’ದಲ್ಲಿ, 20,000 ವ್ಯಾಸವುಳ್ಳ ವೃತ್ತಕ್ಕೆ ಪರಿಧಿಯು 62,832 ಎಂದು ಹೇಳಿ, ಅದನ್ನು ‘ಆಸನ್ನ’, ಎಂದರೆ ಸಮೀಪದ ಬೆಲೆ, ಎಂದು ಕರೆದನು. ಒಂದು ಮಾತಿನಲ್ಲಿ ಎಂತಹ ಪ್ರಾಮಾಣಿಕತೆ! ಆದರೆ ಅದೇ ಗ್ರಂಥದಲ್ಲಿ ಗೋಲದ ಘನಫಲಕ್ಕಾಗಿ, ನಡುವೃತ್ತದ ಕ್ಷೇತ್ರಫಲವನ್ನು ಅದರದೇ ವರ್ಗಮೂಲದಿಂದ ಗುಣಿಸಬೇಕೆಂದು ಹೇಳಿದೆ. ‘ಲೀಲಾವತಿ’ಯ ವಿಧಾನವು ಬೇರೆ: ಪರಿಧಿಯನ್ನು ವ್ಯಾಸದಿಂದ ಗುಣಿಸಿದರೆ ಮೇಲ್ಮೈ, ಅದನ್ನು ಪುನಃ ವ್ಯಾಸದಿಂದ ಗುಣಿಸಿ 6ರಿಂದ ಭಾಗಿಸಿದರೆ ಘನಫಲ. ಇಬ್ಬರಲ್ಲಿ ಯಾರ ಮಾತು ನಿಜ?

ಗುಂಡೆಸೆತಕ್ಕೆ ಬಳಸುವ ಕಬ್ಬಿಣದ ಗುಂಡೊಂದನ್ನು ತನ್ನಿರಿ. ಅದರ ವ್ಯಾಸವು 10 ಸೆಂಟಿಮೀಟರು ಎನ್ನೋಣ. ಆರ್ಯಭಟನ ಲೆಕ್ಕದಂತೆ ಘನಫಲವು ಸುಮಾರು 696 ಘನ ಸೆಂಟಿಮೀಟರು. ಭಾಸ್ಕರನಂತೆ ಸುಮಾರು 524. ತಪ್ಪಲೆಯೊಂದನ್ನು ಪರಾತದಲ್ಲಿಟ್ಟು ಕಂಠದವರೆಗೆ ನೀರು ತುಂಬಿ, ಗುಂಡನ್ನು ಮೆಲ್ಲನೆ ಮುಳುಗಿಸಿ, ಹೊರಚೆಲ್ಲಿದ ನೀರನ್ನು ಅಳೆಯಿರಿ. ಅರ್ಧ ಲೀಟರಿಗೆ ತುಸು ಹೆಚ್ಚು ದೊರೆಯುವುದು. ಒಂದಿಷ್ಟು ನೀರು ತಪ್ಪಲೆಯ ಹೊರಮೈಗೆ ಅಂಟಿ ಉಳಿದರೂ, ಎರಡು ಲೆಕ್ಕಗಳ ಅಂತರವು 170ಕ್ಕೆ ಮಿಕ್ಕಿರುವುದರಿಂದ ತೀರ್ಪಿಗೆ ಬಾಧಕವಿಲ್ಲ.

ಇದನ್ನು ನೋಡಿದ ವೃದ್ಧರೊಬ್ಬರು, “ಏನು ಮೇಷ್ಟ್ರೇ, ಅಂತಹ ಮಹಾನುಭಾವರ ತಪ್ಪನ್ನು ಮಕ್ಕಳೆದುರು ಎತ್ತಿ ಆಡಬಹುದೇ?” ಎಂದು ಖಿನ್ನರಾಗಿ ಕೇಳಿದರು. ಅವರ ವ್ಯಥೆಯು ಕೃತ್ರಿಮವಲ್ಲ. ಮನೆಯಲ್ಲಿ ಗುರುಹಿರಿಯರ ಗೌರವವು ಇದರಿಂದ ಸಡಿಲವಾದೀತೆಂಬ ಭಯ ಅನೇಕರಿಗುಂಟು. ಆದರೆ ಪೂರ್ವಪಕ್ಷವನ್ನೆತ್ತಿ ಖಂಡಿಸುವುದು ನಮ್ಮ ಶಾಸ್ತ್ರಗಳ ಹುಟ್ಟುಗುಣವಲ್ಲವೇ? ಕ್ರಿ. ಶ. 628ರಲ್ಲಿ ಬ್ರಹ್ಮಗುಪ್ತನು ಆರ್ಯಭಟನನ್ನು ಹೆಸರು ಹಿಡಿದೇ ಖಂಡಿಸಿದನು. ಭೂಭ್ರಮಣದ ವಾದದಲ್ಲಿ ಮಾತ್ರ ಖಂಡಿಸಿದವನೇ ಸೋತನೆಂಬುದನ್ನೂ ಮಕ್ಕಳಿಗೆ ಹೇಳತಕ್ಕದ್ದು. ಹಿಂದಿನವರ ಸೂತ್ರವನ್ನು ಕೈಮುಗಿದು ಹಾಗೆಯೇ ಇಟ್ಟಿದ್ದರೆ ‘ಲೀಲಾವತಿ’ಯಲ್ಲಿ ಆ ಸರಿಯಾದ ವಿಧಾನವು ಇರುತ್ತಿರಲಿಲ್ಲ. ಈ ಮಾತಿಗೆ ಆ ವೃದ್ಧರು ಪೂರ್ತಿ ಒಪ್ಪಿದರೆಂದು ಹೇಳಲಾರೆ.

ಯಂತ್ರಶಿಲ್ಪಕ್ಕೂ ಇದೇ ಕ್ರಮ ಸಲ್ಲುವುದು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತೆಂದು ಹೇಳಿ ಮುಗಿಸಬೇಡಿರಿ. ಅಷ್ಟು ದೂರದ ತಂತಿಯು ಕಾಯ್ದು ಶಕ್ತಿಯು ವ್ಯರ್ಥವಾಗದೇ ಎಂದು ಕೇಳಿರಿ. ಒತ್ತಡವನ್ನು ಹತ್ತು ಮಡಿ ಏರಿಸಿದರೆ ಅಷ್ಟೇ ಶಕ್ತಿಗೆ ಪ್ರವಾಹವು ಹತ್ತನೆಯ ಒಂದು ಪಾಲು ಸಾಕು. ತಂತಿಯಲ್ಲಿ ಆಗುವ ನಷ್ಟವು ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ ನೂರನೆಯ ಒಂದು ಪಾಲಿಗೆ ಇಳಿಯುವುದು. ಈ ಲೆಕ್ಕವನ್ನು ಒಮ್ಮೆ ಮಾಡಿದ ಹುಡುಗಿಯು, ಊರ ಹೊರಗಿನ ವಿದ್ಯುತ್ ಗೋಪುರಗಳು ಅಷ್ಟು ಎತ್ತರವಾಗಿರುವುದೇಕೆಂದು ಮರುದಿನವೇ ತಂದೆಯನ್ನು ಪೀಡಿಸತೊಡಗುವಳು.