ಮೋಡದ ದಿನ ಯಾಕೆ ಹಿತ?



ಇಂಗ್ಲಿಷ್ ಪಾಠಪುಸ್ತಕದಲ್ಲಿ ‘ಇಂದು ಹವೆ ಬಹಳ ಚೆನ್ನಾಗಿದೆ’ ಎಂಬ ಅರ್ಥದ ವಾಕ್ಯ ಬಂತೆಂದರೆ, ಪಕ್ಕದ ಚಿತ್ರದಲ್ಲಿ ದುಂಡನೆಯ ಸೂರ್ಯ ನಗುತ್ತಿರುತ್ತಾನೆ. ಮೋಡ ಕವಿದ ದಿನಕ್ಕೆ ಅಲ್ಲಿ ಸಿಗುವುದು ಮಂಕು, ಬೇಸರ ಎಂಬ ವಿಶೇಷಣಗಳು. ಈ ಪಾಠವನ್ನು ಚಿತ್ತಾಪುರ ತಾಲ್ಲೂಕಿನ ಗುಂಡಗುರ್ತಿಯಲ್ಲೋ, ಸೇಡಂ, ಶಹಾಬಾದ್, ವಾಡಿ, ಚಿಂಚೋಳಿಗಳಲ್ಲೋ ಮಾರ್ಚ್ ಕೊನೆಯಲ್ಲಿ ಪತ್ರಾಸಿನ ಕೋಣೆಯೊಂದರಲ್ಲಿ ಕುಳಿತು ಓದಿಕೊಳ್ಳುವ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳಿ. ಪುಸ್ತಕ ಬಿಸಿಲನ್ನು ಹೊಗಳುತ್ತದೆ, ಬೆನ್ನಿಗೆ ಅಂಗಿ ಅಂಟಿದೆ. ಅದೇ ಊರಿನ ಹಿರಿಯರು ಆಕಾಶ ನೋಡಿ “ಇವತ್ತ ಮೋಡ ಆಗ್ಯಾದ, ಚಲೋ ಆಯ್ತು” ಎನ್ನುತ್ತಾರೆ.

ಬಿಸಿಲು ಕಂಡರೆ ಮುಖ ಗಂಟಿಕ್ಕುವವರು, ಮೋಡ ಕವಿದರೆ ಮನಸ್ಸು ಹಗುರಾಗುವವರು ನಮ್ಮಲ್ಲಿ ಬಹಳ ಮಂದಿ. ಅದರಲ್ಲಿ ಕೆಲವು ಹುಡುಗ ಹುಡುಗಿಯರಿಗೆ, ಪುಸ್ತಕ ಸಿನಿಮಾಗಳನ್ನು ನೋಡಿ, ತಮ್ಮ ಸ್ವಭಾವದಲ್ಲೇ ಏನೋ ಐಬಿದೆಯೇನೋ ಎಂಬ ಅನುಮಾನ ಬರುವುದುಂಟು. ಈ ಇಷ್ಟಾನಿಷ್ಟದ ಹಿಂದೆ ಏನಿದೆ ಎಂಬುದನ್ನು ವಿಜ್ಞಾನದ ಕಡೆಯಿಂದ ನೋಡೋಣ.

ಮೊದಲು ಒಂದು ಒಗಟು. ಕಲಬುರಗಿ ಸೀಮೆ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಎಂದರೆ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣಕ್ಕೆ. ಹೀಗಾಗಿ ಸೂರ್ಯ ವರ್ಷಕ್ಕೆ ಎರಡು ಸಲ ಇಲ್ಲಿ ನೆತ್ತಿಯ ಮೇಲೆ ಹಾಯುತ್ತಾನೆ. ಉತ್ತರಕ್ಕೆ ಹೋಗುವಾಗ ಮೇ 9ರ ಆಸುಪಾಸು ಒಂದು ಸಲ, ಹಿಂದಿರುಗುವಾಗ ಆಗಸ್ಟ್ 4ರ ಆಸುಪಾಸು ಇನ್ನೊಂದು ಸಲ. ನೆಟ್ಟಗೆ ಕೋಲು ನೆಟ್ಟು ನೋಡಿದರೆ ಮೇ ತಿಂಗಳ ಆ ದಿನ ಮಧ್ಯಾಹ್ನ 12 ಗಂಟೆ 20 ನಿಮಿಷದ ಸುಮಾರಿಗೆ ನೆರಳು ಕೋಲಿನ ಬುಡದಲ್ಲೇ ಅಡಗಿಬಿಡುತ್ತದೆ. ಎರಡೂ ದಿನ ಹಗಲಿನ ಉದ್ದ ಒಂದೇ, ಸುಮಾರು 13 ಗಂಟೆ. ಸೂರ್ಯನ ಎತ್ತರವೂ ಒಂದೇ. ಹಾಗಾದರೆ ಎರಡು ತಿಂಗಳ ಸೆಕೆಯೂ ಒಂದೇ ಇರಬೇಕಲ್ಲವೇ? ಆದರೆ ಮೇ ತಿಂಗಳಲ್ಲಿ ಈ ಭಾಗದ ಸರಾಸರಿ ಗರಿಷ್ಠ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಆಗಸ್ಟ್‌ನಲ್ಲಿ 31ರ ಆಸುಪಾಸು. ಸೂರ್ಯ ಅವನೇ, ನೆತ್ತಿಯೂ ಅದೇ, ನಡುವೆ 9 ಡಿಗ್ರಿ ವ್ಯತ್ಯಾಸ.

ಈ ವ್ಯತ್ಯಾಸದ ದೊಡ್ಡ ಪಾಲು ಮೋಡದ್ದು. ಶುಭ್ರ ಆಕಾಶದ ಮಧ್ಯಾಹ್ನ ನೆಲದ ಪ್ರತಿ ಚದರ ಮೀಟರಿನ ಮೇಲೆ ಸುಮಾರು 1000 ವಾಟ್ ಬಿಸಿಲು ಬೀಳುತ್ತದೆ. ಒಂದು ಇಸ್ತ್ರಿ ಪೆಟ್ಟಿಗೆಯ ಶಕ್ತಿ ಅದು. ದಟ್ಟ ಮೋಡ ಬಂದರೆ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಮೋಡದ ಮೇಲ್ಮೈಯಿಂದಲೇ ಆಕಾಶಕ್ಕೆ ಮರಳುತ್ತದೆ. ಮೋಡದ ಒಳಗಿರುವ ಕೋಟ್ಯಂತರ ನೀರ ಹನಿಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದರಿಸುವುದೇ ಇದಕ್ಕೆ ಕಾರಣ. ನಾವು ಕೆಳಗಿನಿಂದ ಕಂಡು ಕಪ್ಪು ಮೋಡ ಎನ್ನುವುದು ವಿಮಾನದಿಂದ ನೋಡಿದರೆ ಹಿಂಜಿದ ಅರಳೆಯಷ್ಟು ಬಿಳುಪು. ಉಳಿದ ಪಾಲು ಒದ್ದೆ ನೆಲದ್ದು. ಮೇ ತಿಂಗಳಲ್ಲಿ ಎರೆ ಭೂಮಿ ಒಣಗಿ ಬಿರುಕು ಬಿಟ್ಟಿರುತ್ತದೆ. ಬಿದ್ದ ಬಿಸಿಲೆಲ್ಲ ಮಣ್ಣನ್ನೂ ಗಾಳಿಯನ್ನೂ ಕಾಯಿಸುವುದಕ್ಕೇ ಹೋಗುತ್ತದೆ. ಆಗಸ್ಟ್‌ನಲ್ಲಿ ಅದೇ ಬಿಸಿಲಿಗೆ ಮಣ್ಣಿನ ನೀರನ್ನು ಆವಿ ಮಾಡುವ ಕೆಲಸವಿದೆ. ಅಂದ ಹಾಗೆ, ಆಗಸ್ಟ್‌ನಲ್ಲೂ ಕೋಲಿನ ಪ್ರಯೋಗ ಮಾಡುತ್ತೇನೆಂದು ಹೊರಟವರು ನಿರಾಶರಾಗುವ ಸಂಭವವೇ ಹೆಚ್ಚು. ಆ ಹೊತ್ತಿಗೆ ಸೂರ್ಯ ಮೋಡದ ಹಿಂದಿರುತ್ತಾನೆ!

ಇನ್ನು ನಮ್ಮ ಮೈಯ ಲೆಕ್ಕ. ವಾರ್ತೆಯಲ್ಲಿ ‘ಕಲಬುರಗಿಯಲ್ಲಿ 42 ಡಿಗ್ರಿ’ ಎಂದು ಹೇಳುತ್ತಾರಲ್ಲ, ಅದು ನೆರಳಿನ ಉಷ್ಣತೆ ಎಂಬುದು ನೆನಪಿರಲಿ. ಹವಾಮಾನ ಕೇಂದ್ರದ ಉಷ್ಣಮಾಪಕ ಬಿಳಿ ಬಣ್ಣ ಬಳಿದ, ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ ಕುಳಿತಿರುತ್ತದೆ. ಅದು ಜನ್ಮದಲ್ಲಿ ಬಿಸಿಲು ಕಂಡದ್ದಿಲ್ಲ. ಹೊಲದಲ್ಲಿ ನಿಂತವರಿಗೆ ಆ 42 ಡಿಗ್ರಿಯ ಗಾಳಿಯ ಜೊತೆಗೆ ನೇರ ಬಿಸಿಲೂ, ಕಾದ ನೆಲದ ಝಳವೂ ಸೇರುತ್ತವೆ. ಸುಮ್ಮನೆ ಕುಳಿತ ವಯಸ್ಕರ ದೇಹ ಸುಮಾರು 100 ವಾಟ್ ಶಾಖವನ್ನು ತಾನೇ ಉತ್ಪಾದಿಸುತ್ತದೆ. ಬಿಸಿಲಿಗೆ ನಿಂತಾಗ ಮೈ ಹೊರಗಿನಿಂದ ಹೆಚ್ಚುಕಡಿಮೆ ಇನ್ನೊಂದು ಅಷ್ಟನ್ನೇ ಹೀರಿಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. 100 ವಾಟ್ ಎಂದರೆ ಗಂಟೆಗೆ 3,60,000 ಜೂಲ್. ಒಂದು ಗ್ರಾಂ ಬೆವರು ಆರುವಾಗ ಸುಮಾರು 2,400 ಜೂಲ್ ಒಯ್ಯುತ್ತದೆ. ಭಾಗಿಸಿ ನೋಡಿ: ಬಿಸಿಲಿನ ಆ ಹೆಚ್ಚುವರಿ ಹೊರೆಯನ್ನು ಇಳಿಸುವುದಕ್ಕೆ ಮಾತ್ರ ಗಂಟೆಗೆ 150 ಗ್ರಾಂ, ಎಂದರೆ ಒಂದು ಸಣ್ಣ ಲೋಟದಷ್ಟು ಬೆವರು ಬೇಕು. ಕೆಲಸ ಮಾಡುವವರಿಗೆ ಇದರ ಹಲವು ಪಟ್ಟು. ಚರ್ಮದ ಉಷ್ಣತೆ 35 ಡಿಗ್ರಿಯ ಸುಮಾರಿನದು. ಗಾಳಿ ಅದಕ್ಕಿಂತ ಬಿಸಿಯಾದರೆ ಫ್ಯಾನಿನ ಗಾಳಿಯೂ ಮೈಗೆ ಶಾಖ ತಂದು ಸುರಿಯುತ್ತದೆ, ಬೆವರು ಆರಿಸುವುದೊಂದೇ ಅದು ಮಾಡುವ ಉಪಕಾರ. ಮೋಡ ಅಡ್ಡ ಬಂದ ಕ್ಷಣ ಗಾಳಿಯ ಉಷ್ಣತೆ ಇಳಿಯದಿದ್ದರೂ ಆ ಒಂದು ಲೋಟದ ಹೊರೆ ತಕ್ಷಣ ಇಳಿಯುತ್ತದೆ. ‘ಹಾ’ ಎಂದು ಉಸಿರು ಬಿಡುತ್ತೇವಲ್ಲ, ಅದು ಬರೀ ಕಲ್ಪನೆಯಲ್ಲ.

ಸರ್ಕಾರಕ್ಕೂ ಇದು ಗೊತ್ತು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದು ರೂಢಿ. ಫರ್ಸಿ ಕಲ್ಲಿನ ಖಣಿಗಳಲ್ಲಿ ದುಡಿಯುವವರಿಗೆ, ಕೂಲಿಗೆ ಹೋಗುವ ಹೆಂಗಸರಿಗೆ ಇಂಥ ಆದೇಶ ಹೊರಡಿಸುವವರಿಲ್ಲ. ಅವರು ನಸುಕಿನಲ್ಲೇ ಕೆಲಸಕ್ಕೆ ಹೊರಡುತ್ತಾರೆ. ಬಿಸಿಲಿನ ಬಗ್ಗೆ ಇಷ್ಟ, ಅನಿಷ್ಟ ಎಂದು ಮಾತಾಡುವಾಗ, ಅದನ್ನು ಕಿಟಕಿಯಿಂದ ನೋಡುವವರು ಯಾರು, ಬೆನ್ನ ಮೇಲೆ ಹೊರುವವರು ಯಾರು ಎಂದೂ ಕೇಳಿಕೊಳ್ಳಬೇಕಾಗುತ್ತದೆ.

ಕಣ್ಣಿನ ವಿಷಯಕ್ಕೆ ಬರೋಣ. ಇಲ್ಲಿ ನನ್ನ ಕಸುಬಿನ ಒಂದು ಮಾತು. ಹೊರಾಂಗಣ ಚಿತ್ರೀಕರಣಕ್ಕೆ ಹೋದಾಗ ಬಿಸಿಲು ಚೆನ್ನಾಗಿದೆ, ಚಿತ್ರ ಚೆನ್ನಾಗಿ ಬರುತ್ತದೆ ಎಂದು ಊರವರು ಸಂತೋಷಪಡುತ್ತಾರೆ. ಕ್ಯಾಮೆರಾ ಹಿಡಿದವರ ಮುಖ ಮಾತ್ರ ಬಾಡಿರುತ್ತದೆ. ನೆಲದಿಂದ ನೋಡಿದರೆ ಸೂರ್ಯ ಬರೀ ಅರ್ಧ ಡಿಗ್ರಿ ಅಗಲದ ಒಂದು ಚುಕ್ಕೆ. ಬೆಳಕಿನ ಮೂಲ ಚಿಕ್ಕದಿದ್ದಷ್ಟೂ ನೆರಳಿನ ಅಂಚು ಕತ್ತರಿಸಿದಂತೆ ಬರುತ್ತದೆ. ಮಧ್ಯಾಹ್ನ ಮಾತಾಡುವವರ ಹಣೆ ಹೊಳೆಯುತ್ತದೆ, ಕಣ್ಣಿನ ಗುಳಿ ಕಪ್ಪಾಗುತ್ತದೆ. ಮೋಡ ಮುಸುಕಿದರೆ ಇಡೀ ಆಕಾಶವೇ ಒಂದು ದೀಪ. ಬೆಳಕು ಎಲ್ಲ ಕಡೆಯಿಂದ ಬಂದು ಮುಖವನ್ನು ಮೃದುವಾಗಿ ತೋರಿಸುತ್ತದೆ. ಸ್ಟುಡಿಯೋದಲ್ಲಿ ದೀಪದ ಮುಂದೆ ತೆಳು ಹಾಳೆ ಕಟ್ಟಿ ನಾವು ಮಾಡುವುದನ್ನೇ ಮೋಡ ಬಿಟ್ಟಿಯಾಗಿ ಮಾಡಿಕೊಡುತ್ತದೆ. ಕಣ್ಣಿಗೂ ಇದೇ ಅನ್ವಯ. ಶಹಾಬಾದ್ ಸುತ್ತಿನ ಸುಣ್ಣದಕಲ್ಲಿನ ಖಣಿಯಲ್ಲಿ ಮಟಮಟ ಮಧ್ಯಾಹ್ನ ನಿಂತರೆ ಬೆಳಕು ಕೆಳಗಿನಿಂದಲೂ ಕಣ್ಣಿಗೆ ಚುಚ್ಚುತ್ತದೆ. ಹುಬ್ಬು ತಡೆಯುವುದು ಮೇಲಿನ ಬೆಳಕನ್ನಷ್ಟೇ.

ಮೋಡದ ದಿನವೆಂದರೆ ಕತ್ತಲ ದಿನವೂ ಅಲ್ಲ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಉರಿಬಿಸಿಲಿನ ಮಧ್ಯಾಹ್ನ ಸುಮಾರು 1 ಲಕ್ಷ ಲಕ್ಸ್. ಮೋಡ ಕವಿದ ಮಧ್ಯಾಹ್ನ 10ರಿಂದ 20 ಸಾವಿರ. ಟ್ಯೂಬ್‌ಲೈಟ್ ಹಾಕಿದ ತರಗತಿಯಲ್ಲಿ 300ರಿಂದ 500. ಮಂಕು ಎನ್ನುವ ದಿನವೂ ನಿಮ್ಮ ತರಗತಿಗಿಂತ ಇಪ್ಪತ್ತು ಮೂವತ್ತು ಪಟ್ಟು ಬೆಳಕಿನದು!

ಈ ಅಂಕಿಗಳು ಮನಸ್ಸಿನ ಪ್ರಶ್ನೆಗೂ ದಾರಿ ತೋರಿಸುತ್ತವೆ. ಉತ್ತರದ ಶೀತದೇಶಗಳಲ್ಲಿ ಚಳಿಗಾಲದ ಹಗಲು ಬಹಳ ಗಿಡ್ಡ. ಅಲ್ಲಿ ಕೆಲವರಿಗೆ ಪ್ರತಿ ಚಳಿಗಾಲದಲ್ಲೂ ಖಿನ್ನತೆ ಕವಿಯುವುದನ್ನು 1984ರಲ್ಲಿ ಅಮೆರಿಕದ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ವಿವರಿಸಿದರು. ರೋಸೆಂಥಾಲ್ ಹುಟ್ಟಿ ಬೆಳೆದದ್ದು ಬಿಸಿಲಿನ ದಕ್ಷಿಣ ಆಫ್ರಿಕಾದಲ್ಲಿ. ಈ ಖಿನ್ನತೆಗೆ ಕೊಡುವ ಬೆಳಕಿನ ಚಿಕಿತ್ಸೆಯ ಸಾಮಾನ್ಯ ಪ್ರಮಾಣ, ಬೆಳಿಗ್ಗೆ ಅರ್ಧ ಗಂಟೆ 10,000 ಲಕ್ಸ್. ಎಂದರೆ ಅಲ್ಲಿ ಔಷಧಿಯಾಗಿ ಕೊಡುವ ಬೆಳಕು ನಮ್ಮ ಮೋಡದ ಮಧ್ಯಾಹ್ನ ಅಂಗಳದಲ್ಲೇ ಸಿಗುತ್ತದೆ. ಶೀತದೇಶದವರು ಬಿಸಿಲಿಗೆ ಹಂಬಲಿಸುವುದಕ್ಕೆ ಕಾರಣವಿದೆ. ಆ ಕಾರಣ ನಮಗಿಲ್ಲ. ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು. ಬೇಸಿಗೆ ಬಂದರೆ ಖಿನ್ನರಾಗುವವರ ಬಗ್ಗೆ 1987ರಲ್ಲಿ ಥಾಮಸ್ ವೇರ್ ಮತ್ತು ಸಂಗಡಿಗರು ಬರೆದರು. ಚಳಿಗಾಲದ ಖಿನ್ನತೆಯಲ್ಲಿ ನಿದ್ದೆಯೂ ಹಸಿವೂ ಹೆಚ್ಚುವುದು ಸಾಮಾನ್ಯ. ಬೇಸಿಗೆಯದರಲ್ಲಿ ನಿದ್ದೆಗೆಟ್ಟು ಊಟ ಸೇರದಂತಾಗುತ್ತದೆ. ಬರೀ ಬಿಸಿಲು ಬೇಡವೆನ್ನಿಸುವುದು ರೋಗವಲ್ಲ. ವಾರಗಟ್ಟಲೆ ನಿದ್ದೆ, ಊಟ, ಓದು ಕೆಟ್ಟರೆ, ಬಿಸಿಲಿಗೆ ತಲೆಶೂಲೆ ಬಂದರೆ, ಚರ್ಮದಲ್ಲಿ ದದ್ದು ಎದ್ದರೆ ವೈದ್ಯರಿಗೆ ತೋರಿಸಿ.

ನಮ್ಮ ಹಿರಿಯರು ಮೋಡಕ್ಕೆ ಕೊಟ್ಟ ಸ್ಥಾನ ನೋಡಿ. ಕಾಳಿದಾಸನ ‘ಮೇಘದೂತ’ದ ಯಕ್ಷ ತನ್ನ ಪ್ರೀತಿಯ ಸಂದೇಶವನ್ನು ಒಪ್ಪಿಸುವುದು ಆಷಾಢದ ಮೋಡಕ್ಕೆ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ದಂಡೆಯ ಮಳಖೇಡ, ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಲ್ಲಿ 9ನೇ ಶತಮಾನದಲ್ಲಿ ಆಳಿದ ಅಮೋಘವರ್ಷ ಗುರುವೆಂದು ಗೌರವಿಸಿದ ಜಿನಸೇನರು ‘ಪಾರ್ಶ್ವಾಭ್ಯುದಯ’ ಎಂಬ ಸಂಸ್ಕೃತ ಕಾವ್ಯ ಬರೆದು, ಅದರೊಳಗೆ ಮೇಘದೂತದ ಸಾಲುಗಳನ್ನೆಲ್ಲ ನೇಯ್ದುಬಿಟ್ಟರು. ಪಾರ್ಶ್ವನಾಥ ತೀರ್ಥಂಕರನ ಕಥೆ ಅದು. ಆ ಮೋಡದ ಕಾವ್ಯಕ್ಕೆ ಈ ಬಿಸಿಲ ಸೀಮೆಯ ಆಸ್ಥಾನದಲ್ಲಿ ಅಷ್ಟು ಮರ್ಯಾದೆ ಸಿಕ್ಕಿತು ಎಂಬುದು ನನಗೆ ಖುಷಿ ಕೊಡುವ ಸಂಗತಿ.

ಆದರೆ ಮೋಡ ಎಲ್ಲ ಹೊತ್ತಿನಲ್ಲೂ ನೆಂಟನಲ್ಲ. ಮೇ ತಿಂಗಳ ಸಂಜೆ ಮೋಡ ಕವಿದು ಮಳೆ ಬಾರದೆ ನಿಂತರೆ ಏನಾಗುತ್ತದೆ ಗಮನಿಸಿ. ಫರ್ಸಿ ಹಾಸಿದ ಮಾಳಿಗೆ ಹಗಲೆಲ್ಲ ಕುಡಿದ ಶಾಖವನ್ನು ರಾತ್ರಿ ಅವಕೆಂಪು ಕಿರಣಗಳಾಗಿ ಆಕಾಶಕ್ಕೆ ಬಿಡುತ್ತದೆ. ಆಕಾಶ ಶುಭ್ರವಿದ್ದರೆ ಅದು ಹೊರಟುಹೋಗುತ್ತದೆ, ಬೆಳಗಿನ ಜಾವಕ್ಕೆ ಹೊದಿಕೆ ಎಳೆದುಕೊಳ್ಳಬೇಕೆನಿಸುತ್ತದೆ. ಮೋಡವಿದ್ದರೆ ಅದೇ ಶಾಖವನ್ನು ಅದು ಹೀರಿ ಕೆಳಕ್ಕೆ ಮರಳಿಸುತ್ತದೆ; ಕಂಬಳಿ ಹೊದ್ದಂತೆ ಊರು ಬೇಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರಿಂದ ಬೆವರೂ ಆರದು. ಹಗಲಿಗೆ ಕೊಡೆಯಾದದ್ದೇ ಇರುಳಿಗೆ ಮುಚ್ಚಳ.

ಇನ್ನು ಹೊಲದ ವಿಷಯ. ಕಲಬುರಗಿ ತೊಗರಿಯ ಕಣಜ. ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಜೂನ್‌ನಲ್ಲಿ ಮಿರಗದ ಮೋಡಕ್ಕಾಗಿ ಕತ್ತೆತ್ತಿ ಕಾಯುವ ರೈತ, ತೊಗರಿ ಹೂಬಿಟ್ಟ ಮೇಲೆ, ಎಂದರೆ ನವೆಂಬರ್ ಹೊತ್ತಿಗೆ, ಅದೇ ಮೋಡ ಕಂಡರೆ ಬೆದರುತ್ತಾನೆ. ದಿನಗಟ್ಟಲೆ ಮೋಡ ಕವಿದು ಜಿನುಗಿದರೆ ಹೂ ಉದುರುತ್ತವೆ. ಆ ತೇವದ ಹವೆ ಕಾಯಿಕೊರಕ ಹುಳುವಿಗೆ ಹೇಳಿ ಮಾಡಿಸಿದ್ದು. ಹೂವು, ಎಳೆಗಾಯಿಗಳ ಮೇಲೆ ಪತಂಗ ಮೊಟ್ಟೆಯಿಡುತ್ತದೆ. ಕೆಲವೇ ದಿನಗಳಲ್ಲಿ ಹೊರಬರುವ ಹುಳು ಕಾಯಿಗೆ ತೂತು ಕೊರೆದು ಕಾಳು ತಿನ್ನುತ್ತದೆ. 1997-98ರ ಹಂಗಾಮಿನಲ್ಲಿ ಬೀದರ್, ಕಲಬುರಗಿ ಜಿಲ್ಲೆಗಳ ತೊಗರಿ ಅಕಾಲದ ಮಳೆಗೂ ಈ ಹುಳುವಿಗೂ ಸಿಕ್ಕಿ ನಾಶವಾಗಿ, ಸಾಲ ತೀರಿಸಲಾಗದ ರೈತರು ಪ್ರಾಣ ಕಳೆದುಕೊಂಡದ್ದು ನಿಮ್ಮ ಮನೆಯ ಹಿರಿಯರಿಗೆ ನೆನಪಿದ್ದೀತು. ಔಷಧಿ ಸಿಂಪಡಿಸಿದರೂ ಹುಳು ಸಾಯದಿದ್ದಾಗ ಹಳೆಯದೊಂದು ಉಪಾಯವನ್ನು ಮತ್ತೆ ಹಿಡಿದರು. ಸಾಲುಗಳ ನಡುವೆ ಬಟ್ಟೆಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹಾಸುವುದು, ಗಿಡಗಳನ್ನು ಮೆಲ್ಲಗೆ ಬಗ್ಗಿಸಿ ಅಲ್ಲಾಡಿಸುವುದು, ಉದುರಿದ ಹುಳುಗಳನ್ನು ಬಳಿದು ಒಯ್ದು ನಾಶಮಾಡುವುದು.